ಹಾಲೇಶಪ್ಪನವರು ಕೊಯ್ದ ತೊಟ್ಟಿಲು

ಗರಗಸ ಕೊಳ್ಳಲು ಬಂದು ಮುಕ್ಕಾಲು ಗಂಟೆ ಪ್ರಶ್ನೆ ಕೇಳಿ, ಕೊನೆಗೆ ಒಂದು ಹಾಳೆ ಪಾಲಿಶ್ ಪೇಪರ್ ಕಟ್ಟಿಸಿಕೊಂಡು ಹೋಗುವ ಗಿರಾಕಿಯನ್ನು ಕಂಡರೆ ನನಗೆ ಮೈ ಉರಿಯುತ್ತದೆ. ದಾವಣಗೆರೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಮುಜಾಹಿದ್ ನಾನು. ನನ್ನ ಬಾಯಿ ಎಂಥದೆಂದು ಬೀದಿಗೆಲ್ಲ ಗೊತ್ತು. ಹಾಲೇಶಪ್ಪನವರು ಮಾತ್ರ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮರುದಿನ ಇನ್ನಷ್ಟು ಪ್ರಶ್ನೆ ಹೊತ್ತುಕೊಂಡು ಬಂದರು.

ಕೋರ್ಟಿನಲ್ಲಿ ಮೂವತ್ತೆರಡು ವರ್ಷ ಬೆರಳಚ್ಚುಗಾರರಾಗಿದ್ದು ನಿವೃತ್ತರಾದವರು ಅವರು. ನಿಜಲಿಂಗಪ್ಪ ಬಡಾವಣೆಯಲ್ಲಿ ಸಣ್ಣದೊಂದು ಮನೆ. ಹೆಂಡತಿ ಉಮಾಮಹೇಶ್ವರಿ ತೀರಿಕೊಂಡು ಆರು ವರ್ಷವಾಗಿತ್ತು. ಒಬ್ಬಳೇ ಮಗಳು ಅಂಕಿತಾಳನ್ನು ಹರಿಹರಕ್ಕೆ ಕೊಟ್ಟಿದ್ದರು. ಹರಿಹರವೇನು ದೂರವೇ, ಬಸ್ಸು ಹತ್ತಿದರೆ ಅರ್ಧ ಗಂಟೆ. ಆದರೆ ಹೆಣ್ಣು ಕೊಟ್ಟ ಮನೆಗೆ ಸುಮ್ಮಸುಮ್ಮನೆ ಹೋಗಿ ಕೂರುವುದು ನಮ್ಮ ಕಡೆ ಚೆಂದ ಕಾಣುವುದಿಲ್ಲ. ಹಬ್ಬಕ್ಕೊಮ್ಮೆ ಹೋಗಿ, ಊಟ ಮಾಡಿ, ಕೈಚೀಲ ಹಿಡಿದು ಸಂಜೆಯ ಬಸ್ಸಿಗೆ ವಾಪಸು ಬರುತ್ತಿದ್ದರು.

ಮೊಬೈಲಿನಲ್ಲಿ ಯಾರೋ ತೆಳ್ಳನೆಯ ಹಲಗೆಯಲ್ಲಿ ಹೂಬಳ್ಳಿ ಕೊಯ್ಯುವುದನ್ನು ನೋಡಿದ್ದರಂತೆ. ಅದು ಸ್ಕ್ರೋಲ್ ಸಾ ಅನ್ನುವ ಮಷೀನು. ಹೊಲಿಗೆ ಮಷೀನಿನ ಸೂಜಿಯ ಹಾಗೆ ನೂಲಿನಷ್ಟು ಸಣ್ಣ ಬ್ಲೇಡು ಮೇಲೆ ಕೆಳಗೆ ಆಡುತ್ತದೆ, ಹಲಗೆಯನ್ನು ನಾವು ಕೈಯಲ್ಲಿ ತಿರುಗಿಸುತ್ತ ಹೋಗಬೇಕು. ನನ್ನ ಅಂಗಡಿಯಲ್ಲಿ ಅದು ಇರಲಿಲ್ಲ. ಇಲ್ಲ ಎನ್ನಲು ವ್ಯಾಪಾರಿಗೆ ನಾಲಿಗೆ ಏಳುವುದಿಲ್ಲವಲ್ಲ, ಬಡಗಿಗಳು ಒಯ್ಯುವ ಜಿಗ್‌ಸಾ ತೋರಿಸಿ ಇದೇ ಸಾಕು ಅಂದೆ. ಪ್ಲೈವುಡ್ಡಿನ ತುಂಡಿನ ಮೇಲೆ ಓಡಿಸಿ ನೋಡಿದರು. ಅಂಚೆಲ್ಲ ಇಲಿ ಕಡಿದ ಹಾಗೆ ಎದ್ದು ಬಂತು.

“ಇದು ಬಾಗಿಲು ಕೊಯ್ಯಾಕೆ ಸರಿ ಸಾಬ್ರೆ. ಗುಬ್ಬಿ ಕಣ್ಣು ಕೊಯ್ಯಾಕೆ ಬರಂಗಿಲ್ಲ.”

“ಗುಬ್ಬಿ ಕಣ್ಣು ಯಾಕ್ರಿ ಕೊಯ್ತೀರಿ?”

“ಹೊತ್ತು ಹೋಗಬೇಕಲ್ರಿ,” ಅಂದರು.

ಹಾಗೆ ಅಂದವರ ಮೇಲೆ ಸಿಟ್ಟು ಮಾಡಲು ನನ್ನಿಂದಾಗಲಿಲ್ಲ. ಮಾರನೆಯ ವಾರ ಮೊಬೈಲಿನಲ್ಲಿ ಒಂದು ಅಗ್ಗದ ಮಷೀನು ತೋರಿಸಿ ತರಿಸಿಬಿಡಲೇ ಎಂದು ಕೇಳಿದರು. ನೋಡಿದೆ. ಅದಕ್ಕೆ ಎರಡೂ ತುದಿಯಲ್ಲಿ ಅಡ್ಡ ಮೊಳೆಯಿರುವ ಬ್ಲೇಡು ಮಾತ್ರ ಹಿಡಿಯುತ್ತಿತ್ತು. ಹಲಗೆಯ ಒಳಗಿನ ಕಿಂಡಿ ಕೊಯ್ಯಬೇಕಾದರೆ ಮೊದಲು ಡ್ರಿಲ್ಲಿನಲ್ಲಿ ತೂತು ಹಾಕಿ, ಬ್ಲೇಡನ್ನು ಅದರೊಳಗೆ ತೂರಿಸಿ, ಆಮೇಲೆ ಮಷೀನಿಗೆ ಬಿಗಿಯಬೇಕು. ಮೊಳೆಯಿರುವ ಬ್ಲೇಡು ತೂರಲು ಕಡಲೆಕಾಳಿನಷ್ಟು ತೂತು ಬೇಕು, ಅಲ್ಲಿಗೆ ಗುಬ್ಬಿಯ ಕಣ್ಣು ಗೂಬೆಯ ಕಣ್ಣಾಗುತ್ತದೆ. ಮೊಳೆಯಿಲ್ಲದ ಬ್ಲೇಡು ಹಿಡಿಯುವಂಥದ್ದೇ ಬೇಕು, ವೇಗ ಹೆಚ್ಚು ಕಡಿಮೆ ಮಾಡುವ ಗುಂಡಿ ಇರಬೇಕು, ಮಷೀನು ಕುಣಿಯಬಾರದು ಎಂದೆಲ್ಲ ನಾನೇ ಹೇಳಿದೆ. ಹೇಳುತ್ತ ಹೇಳುತ್ತ ನನಗೂ ಹುಚ್ಚು ಹಿಡಿಯಿತು.

ಹರಿಹರದಲ್ಲಿ ಎರಕದ ಕಾರ್ಖಾನೆಗಳಿಗೆ ಮರದ ಅಚ್ಚು ಮಾಡಿಕೊಡುತ್ತಿದ್ದ ನನ್ನ ಹಳೆಯ ಗಿರಾಕಿಯೊಬ್ಬರು ಅಂಥ ಮಷೀನು ಮಾರುವವರಿದ್ದರು. ಒಂದು ಭಾನುವಾರ ಇಬ್ಬರೂ ನನ್ನ ಸ್ಕೂಟರಿನಲ್ಲಿ ಹೋದೆವು. ಹಾಲೇಶಪ್ಪನವರು ಮಷೀನಿನ ಮೇಜಿನ ಮೇಲೆ ಐದು ರೂಪಾಯಿಯ ನಾಣ್ಯವನ್ನು ನೆಟ್ಟಗೆ ನಿಲ್ಲಿಸಿ, ಸ್ವಿಚ್ಚು ಹಾಕಿಸಿದರು. ನಾಣ್ಯ ಬೀಳಲಿಲ್ಲ. ಬ್ಲೇಡಿನಿಂದ ಹಿಂದಿನ ಕಂಬದವರೆಗೆ ಹದಿನಾರು ಇಂಚು ಜಾಗವಿತ್ತು. ಅಷ್ಟಗಲದ ಹಲಗೆಯನ್ನು ಆರಾಮಾಗಿ ಸುತ್ತಿಸಬಹುದು. ತಗೊಳ್ರಿ, ಕಣ್ಣುಮುಚ್ಚಿ ತಗೊಳ್ರಿ ಅಂದೆ. ಬರುವಾಗ ಮಗಳ ಮನೆಯ ಬೀದಿಯ ಮುಂದೆಯೇ ಹಾದು ಬಂದೆವು. ನಿಲ್ಲಿಸಲೇ ಎಂದು ಕೇಳಿದೆ. ಬ್ಯಾಡ, ಹೇಳದೆ ಹೋದ್ರೆ ಅಕಿಗೆ ತ್ರಾಸು ಅಂದರು.

ಆಮೇಲೆ ಒಂದು ವರ್ಷ ಅವರು ಕೊಯ್ದದ್ದೇ ಕೊಯ್ದದ್ದು. ಜಿಂಕೆ, ನವಿಲು, ಕೀಲಿಕೈ ತೂಗುಹಾಕುವ ಹಲಗೆ. ನಮ್ಮ ಮನೆಯಲ್ಲಿ ಅಂಥ ಏಳು ಹಲಗೆಗಳಿವೆ, ಇರುವ ಕೀಲಿಕೈ ಎರಡು. ಹಾಲಿನವನಿಗೆ, ಪಕ್ಕದ ಮನೆಯವರಿಗೆ, ಬ್ಯಾಂಕಿನ ಗುಮಾಸ್ತೆಗೆ ಎಲ್ಲರಿಗೂ ಕೊಟ್ಟರು. ಎರಡನೆಯ ಸಲ ಕೊಡಲು ಹೋದಾಗ ಜನ ನಗುತ್ತ ಹಿಂದೆ ಸರಿಯತೊಡಗಿದರು. ಒಮ್ಮೆ ಅವರ ಮನೆಗೆ ಹೋದಾಗ ಮಷೀನು ಖಾಲಿ ಓಡುತ್ತಿತ್ತು. ಅವರು ಅದರ ಪಕ್ಕದಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು.

“ಕರೆಂಟು ದಂಡ ಅಲ್ಲೇನ್ರಿ?” ಅಂದೆ.

“ಮನೇಲಿ ಒಂದು ಸದ್ದು ಇರ್ತೈತೆ ಸಾಬ್ರೆ,” ಅಂದರು. ಎದ್ದು ಆರಿಸಿದರು. ಆರಿಸಿದ ಮೇಲೆ ಆ ಮನೆ ಎಷ್ಟು ಸುಮ್ಮನಾಯಿತೆಂದರೆ, ನನಗೇ ಬೇಗ ಎದ್ದು ಬರಬೇಕು ಅನ್ನಿಸಿತು. ಬಂದುಬಿಟ್ಟೆ ಕೂಡ.

ಕಳೆದ ವರ್ಷ ಅಂಕಿತಾ ಬಸುರಿಯಾದಳು. ಸುದ್ದಿ ಹೇಳಲು ಅಂಗಡಿಗೆ ಬಂದ ಹಾಲೇಶಪ್ಪನವರು ಎಂದಿನಂತಿರಲಿಲ್ಲ. ಚೊಚ್ಚಲ ಹೆರಿಗೆ ತವರಲ್ಲಾಗಬೇಕು, ಅದು ಎಲ್ಲರಿಗೂ ಗೊತ್ತಿರುವ ಮಾತು. ಏಳನೇ ತಿಂಗಳಲ್ಲಿ ಸೀಮಂತದ ಕುಬುಸ ಮಾಡಿ ಕರೆತಂದರೆ ಹೆರಿಗೆಯ ಹೊತ್ತಿಗೆ ಎರಡು ತಿಂಗಳು, ಬಾಣಂತನಕ್ಕೆ ಮೂರು. ಒಟ್ಟು ಐದು ತಿಂಗಳು ಮಗಳು ಮನೆಯಲ್ಲಿರುತ್ತಾಳೆ. ಬೆರಳು ಮಡಚಿ ಎಣಿಸಿದರು.

“ಐದು ತಿಂಗಳು ನನ್ನ ಮನೇಲಿ ಮನುಷ್ಯರು ಇರ್ತಾರೆ ಸಾಬ್ರೆ.”

ಆದರೆ ಹೆಂಗಸರಿಲ್ಲದ ಮನೆಗೆ ಬಾಣಂತಿಯನ್ನು ಯಾರು ಕಳಿಸುತ್ತಾರೆ? ಅಂಕಿತಾಳ ಅತ್ತೆ ಮರುಳಸಿದ್ದಮ್ಮ ಇದನ್ನೇ ಕೇಳಿದ್ದರು. ಕೆಟ್ಟ ಹೆಂಗಸಲ್ಲ ಆಕೆ, ಕೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಹಾಲೇಶಪ್ಪನವರು ಹದಡಿಯ ಊರಮ್ಮ ಎಂಬ ಅನುಭವಸ್ಥೆಯನ್ನು ಬಾಣಂತಿಗೂ ಕೂಸಿಗೂ ಎರೆಯಲು, ಕಾಯಿಸಲು ಮನೆಯಲ್ಲೇ ಉಳಿಯುವಂತೆ ಗೊತ್ತು ಮಾಡಿದರು. ಕೋಣೆಗೆ ಸುಣ್ಣ ಹೊಡೆಸಿದರು, ಬಚ್ಚಲಿಗೆ ಹೊಸ ಹಂಡೆ ಕೂರಿಸಿದರು. ಕುಬುಸಕ್ಕೆ ಮುಂಚೆ ತಾನೊಮ್ಮೆ ಬಂದು ಮನೆ ನೋಡುತ್ತೇನೆ, ಸರಿಯೆನಿಸಿದರೆ ಕಳಿಸುತ್ತೇನೆ ಅಂತ ಮರುಳಸಿದ್ದಮ್ಮ ಒಪ್ಪಿದರು.

ಆಗ ಇವರು ತೊಟ್ಟಿಲಿಗೆ ಕೈ ಹಾಕಿದರು. ಸಾಗವಾನಿಯ ಹಲಗೆ ತಂದರು. ಗಿಣಿ ಎಲ್ಲರೂ ಮಾಡ್ತಾರೆ ಅಂತ ಹೇಳಿ, ನಾಲ್ಕು ಬದಿಗೂ ಗುಬ್ಬಿ ಕೊಯ್ದರು, ಒಂದೊಂದು ಉದ್ದದ ಬದಿಯಲ್ಲಿ ಹನ್ನೊಂದು. ಒಂದು ಗುಬ್ಬಿ ನೀರು ಕುಡಿಯುತ್ತಿದೆ, ಒಂದು ರೆಕ್ಕೆ ಕೊಡವುತ್ತಿದೆ, ಒಂದು ಬೆನ್ನು ತಿರುಗಿಸಿ ಕೂತಿದೆ. ಒಂದೊಂದು ಕಣ್ಣಿಗೂ ಬ್ಲೇಡು ಬಿಚ್ಚಿ, ತೂರಿಸಿ, ಮತ್ತೆ ಬಿಗಿಯಬೇಕು. ವಾರಕ್ಕೆ ಒಂದು ಡಜನ್ ಬ್ಲೇಡು ಮುರಿಯುತ್ತಿದ್ದರು, ನಾನು ತರಿಸಿ ಕೊಡುತ್ತಿದ್ದೆ. ಎರಡೂವರೆ ತಿಂಗಳ ಕೆಲಸ. ನನ್ನ ಅಂಗಡಿಗೆ ಬರುವ ಬಡಗಿಗಳಲ್ಲಿ ಅಂಥ ಕೈ ಒಬ್ಬನಿಗೂ ಇಲ್ಲ, ಇದನ್ನು ಅವರೆದುರಿಗೇ ಹೇಳಿ ಬೈಸಿಕೊಂಡಿದ್ದೇನೆ.

ಈಗ ನನ್ನ ವಿಷಯ ಹೇಳಬೇಕು. ಹುಟ್ಟದ ಕೂಸಿಗೆ ತೊಟ್ಟಿಲು ತರಬಾರದು. ಇದು ನಿಮ್ಮಲ್ಲಿ ನಮ್ಮಲ್ಲಿ ಎಂದಿಲ್ಲ, ಎಲ್ಲರ ಮನೆಯ ಮುದುಕಿಯರೂ ಹೇಳುವ ಮಾತು. ನನ್ನ ಮೂರು ಮಕ್ಕಳಿಗೂ ತೊಟ್ಟಿಲು ಬಂದದ್ದು ಮಗು ಹುಟ್ಟಿದ ಮೇಲೆಯೇ, ಅದೂ ನನ್ನ ಅಮ್ಮ ಗದರಿಸಿ ತಡೆದದ್ದರಿಂದ. ಹಾಲೇಶಪ್ಪನವರಿಗೆ ಹೇಳುವವರು ಯಾರು? ಅಂಕಿತಾ ಹುಟ್ಟಿದಾಗ ಎಲ್ಲವೂ ಹೆಂಡತಿಯ ತವರು ನಂದಿಗುಡಿಯಲ್ಲಿ ನಡೆದಿತ್ತು. ಇವರು ರಜೆ ಹಾಕಿ ಹೋಗುವ ಹೊತ್ತಿಗೆ ಮಗು ಆಗಲೇ ತೊಟ್ಟಿಲಲ್ಲಿ ಮಲಗಿತ್ತು. ಮೇಲಾಗಿ ಕೋರ್ಟಿನ ಅಭ್ಯಾಸ: ಸಾಹೇಬರು ಬಾಯಿ ತೆರೆಯುವ ಮೊದಲೇ ಹಾಳೆ ಏರಿಸಿ ಕೂತಿರಬೇಕು. ಎಲ್ಲವನ್ನೂ ಮುಂಚೆಯೇ ತಯಾರಿಡುವುದು ಅವರ ರಕ್ತದಲ್ಲಿತ್ತು.

ಸಾಗವಾನಿ ತಂದ ದಿನವೇ ನನಗೆ ಹೊಳೆದಿತ್ತು. ಹೇಳಲಿಲ್ಲ. ನಾನು ಇಂಥದನ್ನೆಲ್ಲ ನಂಬುವವನಲ್ಲ, ಅವರ ಶಾಸ್ತ್ರ ಅವರಿಗೆ, ನಾನ್ಯಾಕೆ ನಡುವೆ ಬಾಯಿ ಹಾಕಲಿ ಎಂದುಕೊಂಡೆ. ನಿಜ ಹೇಳಬೇಕೆಂದರೆ ಆ ಮನುಷ್ಯ ನಗುವುದನ್ನು ನಾನು ಮೊದಲ ಸಲ ನೋಡುತ್ತಿದ್ದೆ, ಕೆಡಿಸಲು ಮನಸ್ಸು ಬರಲಿಲ್ಲ. ಬೀದಿಗೆಲ್ಲ ಬೈಯುವ ಬಾಯಿ ಬೇಕಾದಾಗ ಮುಚ್ಚಿಕೊಂಡಿತು. ಸರಪಳಿಯನ್ನೂ ಕೊಂಡಿಯನ್ನೂ ನಾನೇ ಒಯ್ದು, ಸೀಲಿಂಗಿಗೆ ಡ್ರಿಲ್ ಹೊಡೆದು ತೊಟ್ಟಿಲು ಕಟ್ಟಿಕೊಟ್ಟು ಬಂದೆ.

ಮರುಳಸಿದ್ದಮ್ಮ ಬಂದ ದಿನ, ಒಬ್ಬನೇ ಇದ್ದರೆ ಬಾಯಿ ಒಣಗುತ್ತದೆ ಎಂದು ನನ್ನನ್ನೂ ಕರೆಸಿಕೊಂಡಿದ್ದರು. ಆಕೆ ಬಚ್ಚಲು ನೋಡಿದರು, ಹಂಡೆ ನೋಡಿದರು, ಅಂದೇ ಹದಡಿಯಿಂದ ಬಂದಿಳಿದಿದ್ದ ಊರಮ್ಮನನ್ನು ನಾಲ್ಕು ಮಾತು ಕೇಳಿದರು. ಎಲ್ಲದಕ್ಕೂ ತಲೆದೂಗಿದರು.

“ಅನುಕೂಲ ಐತೆ ಬೀಗರೆ. ನಾನೇ ಸುಮ್ನೆ ಅಂಜಿದ್ದೆ,” ಅಂದರು.

ಹಾಲೇಶಪ್ಪನವರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. “ಅಕ್ಕಾರೆ, ಒಳಗೆ ಬರ್ರಿ, ಇನ್ನೊಂದು ಐತೆ,” ಅಂತ ಕೋಣೆಯ ಬಾಗಿಲು ತೆರೆದರು. ಆಕೆ ಹೊಸ್ತಿಲಲ್ಲೇ ನಿಂತರು. ಆಕೆಯ ಮುಖ ನನಗೆ ಕಾಣುತ್ತಿತ್ತು, ಇವರಿಗೆ ಕಾಣುತ್ತಿರಲಿಲ್ಲ. “ಒಂಚೂರೂ ಸದ್ದಾಗಲ್ಲ, ನೋಡ್ರಿ,” ಅನ್ನುತ್ತ ಖಾಲಿ ತೊಟ್ಟಿಲನ್ನು ಜೋರಾಗಿ ತೂಗಿಬಿಟ್ಟರು.

ತರುವುದೇ ತಪ್ಪು, ಖಾಲಿ ತೂಗುವುದು ಅದಕ್ಕಿಂತ ದೊಡ್ಡ ತಪ್ಪು. ಮರುಳಸಿದ್ದಮ್ಮ ಕೈ ಚಾಚಿ ತೊಟ್ಟಿಲನ್ನು ಹಿಡಿದು ನಿಲ್ಲಿಸಿದರು. ಚಾ ಕುಡಿಯದೆ ಹೊರಟರು. ಎರಡು ದಿನದ ಮೇಲೆ ಅಳಿಯನ ಫೋನು ಬಂತು: ಡಾಕ್ಟರು ಓಡಾಟ ಬೇಡ ಅಂದಿದ್ದಾರೆ, ಹೆರಿಗೆ ಹರಿಹರದಲ್ಲೇ ಆಗಲಿ ಅಂತ. ಡಾಕ್ಟರು ಹಾಗೆ ಅಂದಿರಲಿಲ್ಲ. ಅತ್ತೆ ಅಂಜಿದ್ದಾರೆಂದು, ತೊಟ್ಟಿಲಿನ ಸಂಗತಿಯನ್ನೂ ಸೇರಿಸಿ, ಅಂಕಿತಾ ಆಮೇಲೆ ಅಪ್ಪನಿಗೆ ಅಳುತ್ತ ಹೇಳಿದಳಂತೆ.

ಗಂಡು ಮಗು. ತಾಯಿ ಮಗು ಇಬ್ಬರೂ ಗಟ್ಟಿಯಾಗಿದ್ದಾರೆ. ತೊಟ್ಟಿಲು ತವರಿನದೇ ಆಗಬೇಕಲ್ಲ, ಆದರೆ ಅದೊಂದು ಬ್ಯಾಡ ಬೀಗರೆ ಅಂತ ಮರುಳಸಿದ್ದಮ್ಮ ಮೆಲ್ಲಗೆ ಹೇಳಿಕಳಿಸಿದರು. ಹಾಲೇಶಪ್ಪನವರು ಅಂಗಡಿಯಿಂದ ಸ್ಟೀಲಿನ ತೊಟ್ಟಿಲು ಕೊಂಡು, ಆಟೋದಲ್ಲಿ ಹಾಕಿಕೊಂಡು ಹೆಸರಿಡುವ ಶಾಸ್ತ್ರಕ್ಕೆ ಹೋದರು. ಮೊಮ್ಮಗನನ್ನು ಹತ್ತು ನಿಮಿಷ ಎತ್ತಿಕೊಂಡರು. ಗಂಡಸರ ಪಂಕ್ತಿಯಲ್ಲಿ ಊಟ ಮಾಡಿದರು. ಸಂಜೆಯ ಬಸ್ಸಿಗೆ ವಾಪಸು ಬಂದರು.

ಮಾರನೆಯ ದಿನ ಅಂಗಡಿಗೆ ಬಂದು ಅದನ್ನೆಲ್ಲ ಹೇಳಿದರು.

“ಉಮಾ ಇದ್ದಿದ್ರೆ ಹಲಿಗೆ ತಂದ ದಿನಾನೇ ಬೈದು ನಿಲ್ಲಿಸ್ತಿದ್ಲು,” ಅಂದರು. “ಇಷ್ಟು ಜನ ನೋಡಿದ್ರು ಸಾಬ್ರೆ. ಯಾರಿಗೂ ಗೊತ್ತಿರಲಿಲ್ಲ ನೋಡ್ರಿ.”

ಹೌದು ಅಂದುಬಿಡಬಹುದಿತ್ತು.

“ನನಗೆ ಗೊತ್ತಿತ್ತು,” ಅಂದೆ.

ಅವರು ನನ್ನ ಮುಖ ನೋಡಿದರು. ಬೈಯಲಿ ಎಂದು ಕಾದೆ, ನಾಲ್ಕು ಜನರೆದುರು ಬೈಯಲಿ, ಕೈಗೆ ಸಿಕ್ಕಿದ್ದು ಎಸೆಯಲಿ. ಬೈಯಲಿಲ್ಲ. “ಸರಪಳಿ ಕಟ್ಟುವಾಗ್ಲೂ?” ಎಂದು ಕೇಳಿದರು. ಹೂಂ ಅಂದೆ. ಎದ್ದು ಹೋದರು. ನಡೆದು ಹೋಗುವಾಗ ಕೈಗಳನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯದ ಹಾಗಿತ್ತು. ಆ ದಿನ ನಾನು ಯಾವ ಗಿರಾಕಿಗೂ ಸರಿಯಾಗಿ ಸಾಮಾನು ಕೊಡಲಿಲ್ಲ. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಇನ್ನು ಆ ಮನುಷ್ಯ ನಿಮ್ಮ ಅಂಗಡಿ ಮೆಟ್ಟಿಲು ಹತ್ತಲ್ಲ ಅಂದಳು. ಸರಿಯಾದ ಮಾತೇ, ನಾನಾಗಿದ್ದರೆ ಹತ್ತುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಶಟರ್ ಎತ್ತುವಾಗಲೇ ಹಾಲೇಶಪ್ಪನವರು ಎದುರಿಗೆ ನಿಂತಿದ್ದರು. ಒಳಗೆ ಬಂದು ಕೂತರು. ಬಿಸಿಲು ಜೋರಾಯಿತು ಅಂದರು, ಈ ಸಲ ಮೆಕ್ಕೆಜೋಳಕ್ಕೆ ರೇಟು ಹೆಂಗೈತಂತೆ ಎಂದು ಕೇಳಿದರು. ನಿನ್ನೆಯ ಮಾತು ಎತ್ತಲಿಲ್ಲ. ಕ್ಷಮಿಸಿದ್ದಾರೆ ಎಂದು ಒಂದು ಕ್ಷಣ ನನಗೆ ಆಸೆಯಾಯಿತು. ಆದರೆ ಮಾತಾಡುವಾಗ ಅವರು ಒಮ್ಮೆಯೂ ನನ್ನ ಕಡೆ ನೋಡುತ್ತಿರಲಿಲ್ಲ. ಅವರು ಬಂದದ್ದು ನನ್ನನ್ನು ಕ್ಷಮಿಸಿ ಅಲ್ಲ. ಬರದೆ ಇದ್ದರೆ ಆ ದಿನ ಅವರು ಮಾತಾಡಲು ಈ ಊರಲ್ಲಿ ಇನ್ನೊಬ್ಬರಿರಲಿಲ್ಲ.