ಹತ್ತಿಯ ಜೊತೆ ಬಂದ ಕಲ್ಲು

1950ರ ಫೆಬ್ರವರಿ. ಬಳ್ಳಾರಿಯಲ್ಲಿ ರೈಲು ಹಳಿಯ ಆಚೆಗಿದ್ದ ಒಂದು ಹತ್ತಿ ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್ ಕಾರ್ಖಾನೆಯನ್ನು ನಾನು ನೋಡಿಕೊಳ್ಳುತ್ತಿದ್ದೆ. ನನ್ನ ಗಂಡ ಕಟ್ಟಿದ ಕಾರ್ಖಾನೆ ಅದು. ಅವರು ವಿಷಮಶೀತ ಜ್ವರದಲ್ಲಿ ತೀರಿಕೊಂಡ ಮೇಲೆ ಸತ್ಯನಾರಾಯಣಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಹಿರಿಯರು ಕೂತು ತೀರ್ಮಾನಿಸಿದ್ದರು: ಒಂದು ಸುಗ್ಗಿಯ ಮಟ್ಟಿಗೆ ನಾನು ನಡೆಸಿ ನೋಡಬಹುದು. ನಡೆಯದಿದ್ದರೆ ಕಾರ್ಖಾನೆ ಮಾರಿ, ಮೈದುನ ಈರಣ್ಣನ ಮನೆಯಲ್ಲಿ ಇರಬೇಕು. ಈರಣ್ಣನದು ಬಟ್ಟೆ ಅಂಗಡಿ. ಕೆಟ್ಟವನಲ್ಲ. ನನಗಾಗಿ ಒಂದು ಕೋಣೆಗೆ ಆಗಲೇ ಸುಣ್ಣ ಬಳಿಸಿ ಇಟ್ಟಿದ್ದ. ಆ ಸುಣ್ಣದ ವಾಸನೆಯೇ ಬೆಳಗಾದರೆ ನನ್ನನ್ನು ಕಾರ್ಖಾನೆಗೆ ಅಟ್ಟುತ್ತಿತ್ತು.

ಈ ಕತೆಯನ್ನು ವ್ಯಾಪಾರಿಗಳ ಸಭೆಗಳಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಎದೆಗಾರಿಕೆಯ ಬಗ್ಗೆ ಎರಡು ಮಾತು ಹೇಳಿ ಎಂದು ಯಾರಾದರೂ ಕರೆದರೆ ಇದೇ ಕತೆ. ಹೇಳಿ ಹೇಳಿ ಅದು ನುಣುಪಾಗಿಬಿಟ್ಟಿದೆ. ನುಣುಪಾದದ್ದರ ಮೇಲೆ ನನಗೆ ನಂಬಿಕೆ ಇಲ್ಲ. ಹಾಗಾಗಿ ಈ ಸಲ ನನಗೆ ಖಾತ್ರಿ ಇಲ್ಲದ ಕಡೆ ಖಾತ್ರಿ ಇಲ್ಲ ಎಂದೇ ಬರೆಯುತ್ತೇನೆ.

ಮೊದಲು ಕೆಲಸದ ಬಗ್ಗೆ ಸ್ವಲ್ಪ. ಹೊಲದಿಂದ ಬಿಡಿಸಿ ತಂದ ಹತ್ತಿಯಲ್ಲಿ ಬೀಜ ಇರುತ್ತದೆ. ಓಪನರ್ ಎಂಬ ಯಂತ್ರ ತನ್ನ ಕಬ್ಬಿಣದ ಹಲ್ಲುಗಳಿಂದ ಆ ಹತ್ತಿಯನ್ನು ಹಿಂಜಿ ಸಡಿಲ ಮಾಡುತ್ತದೆ. ಆಮೇಲೆ ಜಿನ್ನಿಂಗ್ ಯಂತ್ರಗಳು ಬೀಜವನ್ನು ಬೇರೆ ಮಾಡುತ್ತವೆ. ಉಳಿದ ಅರಳೆಯನ್ನು ಪ್ರೆಸ್ಸಿನಲ್ಲಿ ಕಲ್ಲಿನಂತೆ ಒತ್ತಿ, ಗೋಣಿ ಸುತ್ತಿ, ಕಬ್ಬಿಣದ ಪಟ್ಟಿ ಬಿಗಿದರೆ ಅಂಡಿಗೆ ಸಿದ್ಧ. ಈ ಕೆಲಸದಲ್ಲಿ ಎಲ್ಲರೂ ಹೆದರುವುದು ಕಿಡಿಗೆ. ಹೊರಗೆ ಹತ್ತಿದ ಬೆಂಕಿ ಕಾಣುತ್ತದೆ, ಆರಿಸಬಹುದು. ಅರಳೆಯೊಳಗೆ ಸೇರಿ ಅಂಡಿಗೆಯಲ್ಲಿ ಒತ್ತಿಹೋದ ಕಿಡಿ ಕಾಣುವುದಿಲ್ಲ. ಹೊಗೆಯಿಲ್ಲ, ವಾಸನೆಯಿಲ್ಲ. ಒಳಗೊಳಗೇ ತಿನ್ನುತ್ತಾ ವಾರಗಟ್ಟಲೆ ಇದ್ದು, ಎಲ್ಲೋ ದೂರದಲ್ಲಿ, ಬೇರೆ ಯಾರದೋ ಗೋದಾಮಿನಲ್ಲಿ ಎದ್ದು ನಿಲ್ಲುತ್ತದೆ. ಇಲ್ಲವೇ ಅಲ್ಲೇ ಸಾಯುತ್ತದೆ. ಎರಡರಲ್ಲಿ ಯಾವುದು ಎಂದು ಹೊರಗಿನಿಂದ ಹೇಳುವ ಉಪಾಯ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇನ್ನೊಂದು ವಿಷಯ. ಕುರುಗೋಡು, ಬಾದನಹಟ್ಟಿ ಕಡೆಯಿಂದ ನಮಗೆ ಹತ್ತಿ ಬರುತ್ತಿತ್ತು. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸುವುದು ಎಲ್ಲ ಕಡೆ ಇದೆ. ನಮಗೆ ಹತ್ತಿ ಕಳಿಸುತ್ತಿದ್ದ ಮನೆಗಳ ಹೆಂಗಸರು ಒಂದು ಹೆಜ್ಜೆ ಮುಂದೆ ಹೋಗುತ್ತಿದ್ದರು. ಮೊದಲ ಬಿಡಿತದ ಹತ್ತಿ ಊರು ಬಿಡುವಾಗ ಆ ಐದರಲ್ಲಿ ಒಂದು ಕಲ್ಲನ್ನು ಬಂಡಿಯ ಹತ್ತಿಯೊಳಗೆ ಇಡುತ್ತಿದ್ದರು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಅಣ್ಣ ಜೊತೆಗೆ ಹೋಗಿ ಬಿಟ್ಟು ಬರುವುದಿಲ್ಲವೇ, ಹಾಗೆ. ಬಂಡಿ ಹೊಡೆಯುವವನು ಕಾರ್ಖಾನೆಯ ಗೇಟಿನಲ್ಲಿ ಕಲ್ಲನ್ನು ಹೊರಗೆ ತೆಗೆಯಬೇಕು. ಮಾಲೀಕರು ಅದಕ್ಕೆ ಎಲೆ ಅಡಿಕೆ, ಬೆಲ್ಲ ಇಟ್ಟು ವಾಪಸು ಕೊಡಬೇಕು. ಕಲ್ಲು ಹೊಲಕ್ಕೆ ಹಿಂತಿರುಗಬೇಕು. ನನ್ನ ಗಂಡ ಇದನ್ನು ತಪ್ಪದೆ ಮಾಡುತ್ತಿದ್ದರು. ನಾನೂ ಮಾಡುತ್ತಿದ್ದೆ.

ಆ ವರ್ಷ ಒಂದು ಬದಲಾವಣೆಯಾಯಿತು. ಸಿರುಗುಪ್ಪದ ಭತ್ತದ ವ್ಯಾಪಾರಿಯೊಬ್ಬರು ಹತ್ತಿಗೂ ಕೈ ಹಾಕಿದರು. ಬಾದನಹಟ್ಟಿಯ ಹೊಲಗಳಲ್ಲೇ ಹತ್ತಿ ಕೊಂಡು, ತಮ್ಮದೇ ಬಂಡಿಗಳಲ್ಲಿ ನಮಗೆ ಕಳಿಸತೊಡಗಿದರು. ಹೆಂಗಸರು ಎಂದಿನಂತೆ ಕಲ್ಲಿಟ್ಟರು. ಸಿರುಗುಪ್ಪದ ಬಂಡಿಯವರಿಗೆ ಹೇಳಲಿಲ್ಲ, ಬಂಡಿ ಹೊಡೆಯುವವನಿಗೆ ಇದು ಗೊತ್ತೇ ಇರುತ್ತದೆ ಎಂದುಕೊಂಡರು. ಬಂಡಿಯವರು ಭತ್ತದ ನಾಡಿನವರು, ಅವರು ಕೇಳಲಿಲ್ಲ. ಗೇಟಿನಲ್ಲಿ ನಾವು ಸಿರುಗುಪ್ಪದ ಬಂಡಿ ನೋಡಿದೆವು, ಅವುಗಳಲ್ಲಿ ಕಲ್ಲು ಇರುವುದಿಲ್ಲ ಎಂದುಕೊಂಡೆವು. ಎಲ್ಲರೂ ತಮ್ಮ ತಮ್ಮ ಊರಿನ ಪ್ರಕಾರ ಸರಿಯಾಗಿಯೇ ಇದ್ದರು.

ಒಂದು ಮುಂಜಾನೆ ಜಿನ್ನಿಂಗ್ ಯಂತ್ರದ ಮುಂದಿನ ಹತ್ತಿಗೆ ಬೆಂಕಿ ಹತ್ತಿತು. ಮರಳು, ಹಸಿ ಗೋಣಿ ಸಿದ್ಧವಿದ್ದವು, ಬೇಗ ಆರಿತು. ಯಾರಿಗೂ ಏನೂ ಆಗಲಿಲ್ಲ. ಆ ಗಾಬರಿಯಲ್ಲಿ ಹಮಾಲರು ಶೆಡ್ಡಿನಲ್ಲಿದ್ದ ಅಂಡಿಗೆಗಳನ್ನೆಲ್ಲ ಉರುಳಿಸಿ ಅಂಗಳಕ್ಕೆ ತಂದರು. ಹಳೆಯವು, ಅದೇ ಮುಂಜಾನೆ ಕಟ್ಟಿದವು, ಎಲ್ಲ ಬೆರೆತುಹೋದವು. ಆಗಿನ್ನೂ ಅವುಗಳ ಮೇಲೆ ಗುರುತು ಹಾಕಿರಲಿಲ್ಲ. ಪ್ರೆಸ್ಸಿನ ಮೇಸ್ತ್ರಿ ಹುಸೇನ್ ಸಾಬರು ಲೋಡು ಮಾಡುವಾಗ ಹಾಕಿದರಾಯಿತು ಎಂದರು. ಯಾರೋ ಬೀಡಿ ಸೇದಿರಬೇಕು ಎಂದು ನಾವೆಲ್ಲ ತಿಳಿದೆವು.

ಮರುದಿನ ವ್ಯಾಗನ್ ಬಂತು. ಆ ಕಾಲದಲ್ಲಿ ರೈಲ್ವೆ ವ್ಯಾಗನ್ ಸಿಗುವುದೆಂದರೆ ಅರ್ಜಿ ಹಾಕಿ, ಸ್ಟೇಷನ್ನಿಗೆ ಅಲೆದು, ಕಾದು ಕಾದು ಸಿಗಬೇಕು. ದಕ್ಷಿಣದ ಒಂದು ನೂಲಿನ ಗಿರಣಿಗೆ ಹೋಗಬೇಕಾದ ನನ್ನ ಮೊದಲ ದೊಡ್ಡ ಮಾಲು ಅದು. ತಲುಪಿದರೆ ಕಾರ್ಖಾನೆ ನನ್ನದು. ತಲುಪದಿದ್ದರೆ ಸುಣ್ಣ ಬಳಿದ ಕೋಣೆ. ಲೋಡು ಶುರುವಾಯಿತು. ನೋಡಲು ಈರಣ್ಣನೂ ಬಂದಿದ್ದ.

ಅರ್ಧ ಲೋಡು ಮುಗಿಯುವಷ್ಟರಲ್ಲಿ ಬಾದನಹಟ್ಟಿಯ ಹುಲಿಗೆವ್ವ ಗೇಟಿಗೆ ಬಂದಳು. ಮೊದಲ ಬಿಡಿತ ಅವಳ ಹೊಲದ್ದು. ಯಾರದೋ ಬಂಡಿ ಹತ್ತಿ, ಉಳಿದ ದಾರಿ ನಡೆದು ಬಂದಿದ್ದಳು. ನೀರನ್ನೂ ಕೇಳಲಿಲ್ಲ.

“ನಮ್ಮ ಕಲ್ಲು ಎಲ್ಲಿ ಐತ್ರಿ ಅವ್ವಾರ? ಮತ್ತ ಹತ್ತಿ ತುಂಬಾಕ ಬಂಡಿ ಬರೇ ಬಂತು.”

ಯಾವ ಕಲ್ಲು ಎಂದು ನಾನು ಕೇಳಿದೆ. ಕೇಳುತ್ತಿರುವಾಗಲೇ ನನಗೆ ತಿಳಿಯಿತು.

“ತಂಗೀನ ಬಿಟ್ಟು ಬರಾಕ ಹೋದ ಅಣ್ಣ ಹೊಳ್ಳಿ ಬರ್ಲಿಲ್ಲ ಅಂದ್ರ ಮನ್ಯಾಗ ಕುಂದ್ರಾಕ ಆಗತೈತೇನ್ರಿ?” ಎಂದಳು.

ಓಪನರ್ ನಿಲ್ಲಿಸಿ ಹುಡುಕಿಸಿದೆ. ಕಬ್ಬಿಣದ ಹಲ್ಲುಗಳ ಸಂದಿಯಲ್ಲಿ ಚೂರುಗಳು ಸಿಕ್ಕವು. ಒಂದೆರಡರ ಮೇಲೆ ಸುಣ್ಣ ಇನ್ನೂ ಬೆಳ್ಳಗಿತ್ತು. ಹುಲಿಗೆವ್ವ ಅವನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಅತ್ತಳೋ ಇಲ್ಲವೋ ನೆನಪಿಲ್ಲ. ಭಾಷಣಗಳಲ್ಲಿ ಅತ್ತಳೆಂದೇ ಹೇಳಿದ್ದೇನೆ.

ಕಲ್ಲು ಒಂದೇ ಏಟಿಗೆ ಪುಡಿಯಾಗಿರಲಿಲ್ಲ. ನಾವು ಬೆಂಕಿ ಕಾಣುವ ಮೊದಲು ಅದು ಎಷ್ಟು ಹೊತ್ತು ಆ ಹಲ್ಲುಗಳಿಗೆ ಬಡಿಯುತ್ತಿತ್ತೋ, ಎಷ್ಟು ಕಿಡಿ ಹಾರಿದವೋ, ಅವುಗಳಲ್ಲಿ ಎಷ್ಟು ಅರಳೆಯ ಜೊತೆ ಪ್ರೆಸ್ಸಿಗೆ ಹೋದವೋ. ಬೀಡಿಯಾಗಿದ್ದರೆ ಒಂದು ಕಡೆಯ ಬೆಂಕಿ, ಆರಿತು ಎನ್ನಬಹುದಿತ್ತು. ಇದು ಹಾಗಲ್ಲ. ಯಾವ ಅಂಡಿಗೆ ಎಂದೂ ಹೇಳುವಂತಿಲ್ಲ, ಎಲ್ಲ ಬೆರೆತಿದ್ದವು. ಕೆಲವು ಆಗಲೇ ವ್ಯಾಗನ್ ಹತ್ತಿದ್ದವು.

ಹುಸೇನ್ ಸಾಬರು ನಿಶ್ಚಿಂತರಾಗಿದ್ದರು. “ಅಮ್ಮಾರೆ, ಇಷ್ಟು ಬಿಗಿ ಒತ್ತಿದ ಮ್ಯಾಲೆ ಬೆಂಕಿಗೆ ಉಸುರೆಲ್ಲಿ ಐತ್ರಿ? ಸತ್ತಿರತೈತಿ.”

“ಸತ್ತೈತಿ ಅಂತ ಬರದು ಕೊಡ್ತೀರೇನು?”

“ಬರದು ಕೊಡಾಕ ನಾನೇನು ಡಾಕ್ಟರೇನ್ರಿ?”

ಹಮಾಲರು ನಕ್ಕರು. ಈರಣ್ಣ ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದ. “ಅತ್ತಿಗ್ಯಾರ, ಒಬ್ಬ ಹೆಣ್ಮಗಳು ಕಲ್ಲು ಕೇಳಾಕ ಬಂದ್ಲು ಅಂತ ವ್ಯಾಗನ್ ಹೊಳ್ಳಿ ಕಳಸ್ತೀರೇನು? ಹಿರೇರ ಮುಂದ ನಾ ಏನಂತ ಹೇಳ್ಲಿ?” ಅವನ ದನಿಯಲ್ಲಿ ಗೆಲುವು ಇರಲಿಲ್ಲ. ನಿಜವಾಗಿಯೂ ಕಳವಳವಿತ್ತು. ಅದೇ ನನಗೆ ಹೆಚ್ಚು ಕಷ್ಟವಾಯಿತು.

ಕಳಿಸಿದರೆ ಏನೂ ಆಗದಿರಬಹುದು. ಆದರೆ ಹಾದಿಯಲ್ಲೋ, ಆ ಗಿರಣಿಯ ಗೋದಾಮಿನಲ್ಲೋ ಬೆಂಕಿ ಎದ್ದರೆ ಸುಡುವುದು ನನ್ನ ಹತ್ತಿ ಮಾತ್ರ ಅಲ್ಲ. ಕಳಿಸದಿದ್ದರೆ ಇನ್ನೊಂದು ವ್ಯಾಗನ್ ಸಿಗುವ ಹೊತ್ತಿಗೆ ಒಪ್ಪಂದದ ಅವಧಿ ಮುಗಿದಿರುತ್ತದೆ. ನಾನು ಬಹಳ ಯೋಚಿಸಿ ನಿರ್ಧರಿಸಿದೆ ಎಂದು ಹೇಳುತ್ತಾ ಬಂದಿದ್ದೇನೆ. ಹಾಗೆ ಯೋಚಿಸಿದ ನೆನಪು ನನಗಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತದ್ದು ನೆನಪಿದೆ. ಆಮೇಲೆ ನನ್ನ ಬಾಯಿಂದ ಬಂದದ್ದು ಇಷ್ಟು: “ಹತ್ತಿಸಿದ್ದನ್ನ ಇಳಸ್ರಿ.”

ವ್ಯಾಗನ್ ಬೇರೆಯವರ ಪಾಲಾಯಿತು. ಗಿರಣಿಗೆ ತಂತಿ ಕೊಟ್ಟೆ: ಮಾಲಿನಲ್ಲಿ ಕಿಡಿಯ ಅನುಮಾನ, ಕಳಿಸಿಲ್ಲ. ಅಂಡಿಗೆಗಳನ್ನು ಬಯಲಿನಲ್ಲಿ ಒಂದಕ್ಕೊಂದು ತಾಗದಂತೆ ದೂರ ದೂರ ಇಡಿಸಿದೆ. ಪಕ್ಕದಲ್ಲಿ ನೀರು ತುಂಬಿದ ಡ್ರಮ್ಮುಗಳು. ಕಾಯುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ, ಮತ್ತು ಕಾಯುವ ಸ್ವಭಾವ ನನ್ನದಲ್ಲ. ಬೆಳಕು ಹರಿಯುತ್ತಲೇ ಬಂದು ಒಂದೊಂದರ ಮೇಲೂ ಅಂಗೈ ಒತ್ತಿ ನೋಡುತ್ತಿದ್ದೆ. ಹೊತ್ತೇರಿತೆಂದರೆ ನೋಡಿ ಪ್ರಯೋಜನವಿಲ್ಲ, ಬಳ್ಳಾರಿಯ ಬಿಸಿಲಿಗೆ ಎಲ್ಲ ಅಂಡಿಗೆಗಳೂ ಕಾಯುತ್ತಿದ್ದವು. ಒಳಗಿನ ಬಿಸಿಯೋ ಹೊರಗಿನದೋ. ಒಂದು ದಿನ ಒಂದು ಅಂಡಿಗೆಯ ಮೇಲೆ ಅನುಮಾನ ಬಂದು ನೀರು ಹೊಯ್ಯಿಸಿದೆ. ಮರುದಿನ ಅನುಮಾನ ಪಕ್ಕದ್ದಕ್ಕೆ ಹೋಯಿತು. ಸಂಜೆ ಮನೆಗೆ ಹೋಗಿ ಊಟಕ್ಕೆ ಕೂತು, ಅರ್ಧಕ್ಕೇ ಎದ್ದು ಮತ್ತೆ ಬರುತ್ತಿದ್ದೆ.

ಯಾವುದೂ ಸುಡಲಿಲ್ಲ. ಒಂದು ವಾರ, ಇನ್ನೊಂದು ವಾರ. ಪೇಟೆಯಲ್ಲಿ ನನಗೆ ಕಲ್ಲವ್ವ ಎಂದು ಹೆಸರು ಬಿತ್ತು. ಹುಸೇನ್ ಸಾಬರು ಬೆಳಿಗ್ಗೆ ನನ್ನನ್ನು ಕಂಡರೆ, ಜ್ವರ ಹೆಂಗೈತ್ರಿ ಅಮ್ಮಾರೆ, ಎಂದು ಅಂಡಿಗೆಗಳ ಕಡೆ ಕೈ ತೋರಿಸುತ್ತಿದ್ದರು. ಒಂದಾದರೂ ಹೊತ್ತಿಕೊಳ್ಳಲಿ ಎಂದು ನಾನು ಬಯಸಿದ ದಿನಗಳಿದ್ದವು. ನನ್ನದೇ ಮಾಲು, ನನ್ನದೇ ಅನ್ನ, ಅದು ಸುಡಲಿ ಎಂದು.

ಕೊನೆಗೆ ಎಲ್ಲ ಅಂಡಿಗೆಗಳನ್ನೂ ಬಿಚ್ಚಲು ಹೇಳಿದೆ. ಪಟ್ಟಿ ಕತ್ತರಿಸಿ, ಅರಳೆ ಹರಡಿ, ಮತ್ತೆ ಒತ್ತುವುದು. ಎರಡು ಸಲದ ಕೆಲಸ. ಬಾದನಹಟ್ಟಿಯಿಂದ ಹೆಂಗಸರು ಕೆಲಸಕ್ಕೆ ಬಂದರು. ಹುಲಿಗೆವ್ವನೂ ಬಂದಳು. ಅದೇ ಹೊತ್ತಿಗೆ ಗಿರಣಿಯವರ ಮನುಷ್ಯನೂ ಬಂದ, ತಂತಿ ನಿಜವೋ ನೆಪವೋ ನೋಡಲು. ಅವನ ತೆಲುಗು ನಮ್ಮ ಬಳ್ಳಾರಿಯ ತೆಲುಗಿಗಿಂತ ಬೇರೆ ಥರ ಇತ್ತು. ಮಜ್ಜಿಗೆ ಕೊಟ್ಟು ನೆರಳಲ್ಲಿ ಕೂರಿಸಿದೆವು.

ಬಿಚ್ಚಿದ ಹೆಚ್ಚಿನ ಅಂಡಿಗೆಗಳು ಬೆಳ್ಳಗಿದ್ದವು. ಒಂದರ ನಡುವೆ ತೆಂಗಿನಕಾಯಿ ಹಿಡಿಸುವಷ್ಟು ಪೊಳ್ಳು, ಸುತ್ತಲೂ ಕಪ್ಪು. ಅರಳೆ ಮುಟ್ಟಿದರೆ ಮಸಿಯಾಗಿ ಉದುರುತ್ತಿತ್ತು. ಬಿಚ್ಚಿದ ಕೂಡಲೇ ಹೊಗೆ ಎದ್ದಿತು ಎಂದು ನಾನು ಸಭೆಗಳಲ್ಲಿ ಹೇಳಿದ್ದೇನೆ. ನನ್ನ ಕಣ್ಣಿಗೆ ಈಗಲೂ ಆ ಹೊಗೆ ಕಾಣುತ್ತದೆ. ಎಷ್ಟೋ ವರ್ಷಗಳ ಮೇಲೆ ಈ ಮಾತು ಬಂದಾಗ ಹುಲಿಗೆವ್ವ, “ಹೊಗಿ ಎಲ್ಲಿತ್ತವ್ವಾರ? ನಾನಾ ಕೈ ಹಾಕಿದ್ದೆ. ತಣ್ಣಗಿತ್ತು,” ಎಂದಳು. ಅವಳ ಮಾತೇ ನಿಜವಿರಬೇಕು. ಕೈ ಹಾಕಿದವಳು ಅವಳು.

ಆದ್ದರಿಂದ ಹುಸೇನ್ ಸಾಬರು ಹೇಳಿದ್ದೂ ಸರಿ, ಬೆಂಕಿ ತಾನಾಗಿ ಸತ್ತಿತ್ತು. ನಾನು ಹೆದರಿದ್ದೂ ಸರಿ, ಬೆಂಕಿ ಒಳಗಿತ್ತು. ಬಯಲಲ್ಲಿ ಬಿಟ್ಟದ್ದಕ್ಕೆ ಸತ್ತಿತೋ, ವ್ಯಾಗನ್ನಿನಲ್ಲೂ ಸಾಯುತ್ತಿತ್ತೋ ಎಂಬುದರ ಮೇಲೆ ನಾವಿಬ್ಬರೂ ಅವರು ಕೆಲಸ ಬಿಡುವವರೆಗೆ ಜಗಳವಾಡಿದೆವು. ತೀರ್ಮಾನವಾಗಲಿಲ್ಲ.

ಗಿರಣಿಯ ಮನುಷ್ಯ ಆ ಕಪ್ಪನ್ನು ಬಹಳ ಹೊತ್ತು ನೋಡಿದ. ಹಳೆಯ ಒಪ್ಪಂದ ಮುಗಿಯಿತು, ಮರಳಿ ಒತ್ತಿದ ಮಾಲನ್ನು ಕಡಿಮೆ ದರ್ಜೆಗೆ ತಗೊಳ್ಳುತ್ತೇವೆ ಎಂದ. ಗಿರಣಿಯವರು ಮುಂದಿನ ಸುಗ್ಗಿಗೂ ನಮ್ಮಲ್ಲಿಗೇ ಬಂದರು. ನನ್ನ ಪ್ರಾಮಾಣಿಕತೆಗೆ ಸಿಕ್ಕ ಮರ್ಯಾದೆ ಎಂದು ಸಭೆಯವರು ಇಲ್ಲಿ ಚಪ್ಪಾಳೆ ತಟ್ಟುತ್ತಾರೆ. ಇರಬಹುದು. ಆ ವರ್ಷ ಎಲ್ಲ ಕಡೆ ಹತ್ತಿಗೆ ಅಭಾವವಿತ್ತು, ಅದೂ ಇರಬಹುದು.

ಸುಗ್ಗಿ ಮುಗಿದ ಮೇಲೆ ಹಿರಿಯರು ಮತ್ತೆ ಪಡಸಾಲೆಯಲ್ಲಿ ಕೂರುತ್ತಾರೆಂದು ಕಾದೆ. ಯಾರೂ ಕೂರಲಿಲ್ಲ, ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ಒಂದು ದಿನ ಈರಣ್ಣನ ಮನೆಗೆ ಹೋದಾಗ ಸುಣ್ಣ ಬಳಿದ ಆ ಕೋಣೆಯಲ್ಲಿ ಬಟ್ಟೆಯ ಗಂಟುಗಳನ್ನು ಸೂರಿನವರೆಗೆ ಒಟ್ಟಿದ್ದು ಕಂಡಿತು. ನಾನು ಅದನ್ನು ನೋಡಿದ್ದನ್ನು ಅವನು ನೋಡಿದ.

ಗೇಟಿನಲ್ಲಿ ಇನ್ನು ಮೇಲೆ ಕಲ್ಲು ತಂದ ಬಂಡಿಯನ್ನು ವಾಪಸು ಕಳಿಸಬೇಕು ಎಂದು ಹುಸೇನ್ ಸಾಬರು ಹೇಳಿದರು. ಸರಿಯೆನಿಸಿತು. ಆಮೇಲೆ ಅನಿಸಿತು, ಬೇಡ ಎಂದರೆ ಕಲ್ಲು ಬರುವುದು ನಿಲ್ಲುವುದಿಲ್ಲ. ಇನ್ನಷ್ಟು ಆಳಕ್ಕೆ ಹೋಗಿ ಹತ್ತಿಯಲ್ಲಿ ಕೂರುತ್ತದೆ. ಆ ಉದ್ಯೋಗ ನನಗೆ ಕಲಿಸಿದ್ದು ಏನಾದರೂ ಇದ್ದರೆ ಇದು. ಗಟ್ಟಿಯಾಗಿ ನಿಲ್ಲುವುದು ಎಂದರೆ ಏನೂ ಆಗದವರಂತೆ ನಿಲ್ಲುವುದಲ್ಲ. ಆಗಬಹುದಾದದ್ದನ್ನು ಜನ ಕೈಯಲ್ಲಿ ಹಿಡಿದು ಮುಂದೆ ತರುವ ಹಾಗೆ ಮಾಡಿ, ಅದು ಬಂದಾಗ ಮುಖ ಸಿಂಡರಿಸದೆ ನಿಲ್ಲುವುದು. ಹುಲಿಗೆವ್ವ ಬರದೇ ಇದ್ದಿದ್ದರೆ ನನ್ನ ಧೈರ್ಯ ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ಹಾಗಾಗಿ ಯಾವ ಊರಿನ ಬಂಡಿಯೇ ಬರಲಿ, ಕಲ್ಲು ತಂದಿರೇನು ಎಂದು ಕೇಳಿ, ತಂದವರಿಗೆ ಎಲೆ ಅಡಿಕೆ, ಬೆಲ್ಲ ಕೊಡುವುದೆಂದು ಮಾಡಿದೆ.

ಮುಂದಿನ ವರ್ಷ ಸಿರುಗುಪ್ಪದ ಬಂಡಿಯವನೊಬ್ಬ ಗೇಟಿನಲ್ಲಿ ಇಳಿದು ಎರಡೂ ಕೈಯಲ್ಲಿ ಒಂದು ಕಲ್ಲು ಚಾಚಿದ. ಸುಣ್ಣವಿಲ್ಲ, ಅರಿಶಿನವಿಲ್ಲ. ದಾರಿಯಲ್ಲಿ ಎತ್ತಿಕೊಂಡ ಜಲ್ಲಿಕಲ್ಲು.

“ನಮ್ಮ ಊರಾಗ ಇದೆಲ್ಲ ಇಲ್ರಿ,” ಎಂದ. “ನೀವು ಕೇಳ್ತೀರಿ ಅಂತ ತಂದೀನಿ.”

ನಾನು ನಗಲಿಲ್ಲ. ಎಲೆ, ಅಡಿಕೆ, ಬೆಲ್ಲ ಇಟ್ಟು ಕಲ್ಲನ್ನು ಅವನ ಕೈಗೆ ವಾಪಸು ಕೊಟ್ಟೆ. ಆಮೇಲೆ ಅವನ ಬಂಡಿಯ ಹತ್ತಿಯೊಳಗೆ ಹೆಗಲವರೆಗೆ ಕೈ ಇಳಿಸಿ, ತಡಕಿ ನೋಡಿ, ಬಂಡಿಯನ್ನು ಗೇಟಿನ ಒಳಗೆ ಬಿಟ್ಟೆ.