ಅವ್ವ ಏಳದೆ ಕೂತ ಭಾನುವಾರಗಳು

ತಿಂಗಳ ಮೊದಲ ಭಾನುವಾರ ಬಂತೆಂದರೆ ಈಗಲೂ ನನಗೆ ಒಳಗೊಳಗೇ ಸಂಕಟ. ಪೀಣ್ಯದಲ್ಲಿ ನಮ್ಮ ಕ್ರೈಸ್ತ ಸಭೆ ಕೂಡುತ್ತಿದ್ದದ್ದು ಒಂದು ಲೇತ್ ಶೆಡ್ಡಿನ ಹಿಂದಿದ್ದ ತಗಡಿನ ಹಾಲ್‌ನಲ್ಲಿ. ಎಷ್ಟು ಫಿನಾಯಿಲ್ ಹಾಕಿ ಒರೆಸಿದರೂ ಅಲ್ಲಿನ ಎಣ್ಣೆ ವಾಸನೆ ಹೋಗುತ್ತಿರಲಿಲ್ಲ. ಆ ವಾಸನೆಯಲ್ಲೇ ಪ್ರತಿ ಮೊದಲ ಭಾನುವಾರ, ಯೇಸುವಿನ ಕೊನೆಯ ಊಟದ ನೆನಪಿಗೆ, ಕರ್ತನ ಭೋಜನ ನಡೆಯುತ್ತಿತ್ತು. ಸಭೆಯ ಪಾದ್ರಿ ಅಯ್ಯನವರು ರೊಟ್ಟಿಯೆಂದು ಆಶೀರ್ವದಿಸಿದ ಬ್ರೆಡ್ಡಿನ ಚೂರುಗಳ ತಟ್ಟೆ ಹಿಡಿದು ನಿಂತರೆ ಎಲ್ಲರೂ ಸಾಲು ಸಾಲಾಗಿ ಏಳುತ್ತಿದ್ದರು. ಅವ್ವ ಮಾತ್ರ ತಲೆ ಮೇಲೆ ಸೆರಗು ಎಳೆದುಕೊಂಡು, ಸತ್ಯವೇದವನ್ನು, ಅಂದರೆ ಬೈಬಲನ್ನು, ಮಡಿಲಲ್ಲಿಟ್ಟುಕೊಂಡು ಕೂತೇ ಇರುತ್ತಿದ್ದಳು. ನಾನು ಅವಳ ಮೊಣಕಾಲು ದಾಟಿ ಹೋಗಿ ತಿಂದು ಬರಬೇಕಿತ್ತು. ಬಂದು ಕೂತಾಗ ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ನಾವು ಬೀದರ್ ಕಡೆಯವರು. ಅಪ್ಪನಿಗೆ ಪೀಣ್ಯದಲ್ಲಿ ಕೆಲಸ ಸಿಕ್ಕ ಮೇಲೆ ಬಂದು ಬಾಡಿಗೆ ಕೋಣೆಯಲ್ಲಿ ನೆಲೆಯೂರಿದವರು. ಅವ್ವನಿಗೆ ಸತ್ಯವೇದ ಭಾನುವಾರಕ್ಕೆ ಮಾತ್ರ ತೆಗೆಯುವ ಪುಸ್ತಕವಾಗಿರಲಿಲ್ಲ. ಅಕ್ಷರದ ಕೆಳಗೆ ಬೆರಳಿಟ್ಟು ಓದುತ್ತಿದ್ದಳು, ಓದಿದ್ದನ್ನು ಅವತ್ತೇ ಮಾಡುತ್ತಿದ್ದಳು. ಹೊತ್ತು ಮುಳುಗುವುದರೊಳಗೆ ಸಿಟ್ಟು ಇಳಿಯಬೇಕೆಂದು ಅದರಲ್ಲಿದೆಯಲ್ಲ, ಬೆಳಿಗ್ಗೆ ನಲ್ಲಿ ಹತ್ತಿರ ಜಗಳವಾಡಿದವಳ ಮನೆಗೆ ಸಂಜೆ ಓಡುತ್ತಿದ್ದಳು. ರಾಜಿ ಮಾಡಿಕೊಳ್ಳಲು ಹೋಗಿ ಅಲ್ಲೇ ಇನ್ನೊಂದು ಜಗಳ ಶುರುಮಾಡಿಕೊಂಡು ಬಂದದ್ದೂ ಉಂಟು. "ನಾ ಮದುವಿ ಆಗಿದ್ದು ನಿಮ್ಮವ್ವನ್ನಲ್ಲ, ಸತ್ಯವೇದಾನ" ಎಂದು ಅಪ್ಪ ಗೊಣಗುತ್ತಿದ್ದ.

ಒಂದು ಸಂಜೆ ಮಾತ್ರ ಅವ್ವನ ಸಿಟ್ಟು ಹೊತ್ತಿನ ಜೊತೆ ಇಳಿಯಲಿಲ್ಲ. ಅವ್ವನ ತಂಗಿ, ನನ್ನ ಚಿಗವ್ವ, ಗಂಡನ ಜೊತೆ ಬೆಂಗಳೂರಿನ ಇನ್ನೊಂದು ತುದಿಯ ಸಿಂಗಸಂದ್ರದಲ್ಲಿದ್ದಳು. ಅಲ್ಲಿ ಬೇರೊಂದು ಸಭೆ ಸೇರಿ, ನೀರಿನಲ್ಲಿ ಪೂರ್ತಿ ಮುಳುಗಿ ಮತ್ತೆ ದೀಕ್ಷಾಸ್ನಾನ ಮಾಡಿಸಿಕೊಂಡಿದ್ದಳು. ಒಡವೆ ಹಾಕಬಾರದೆಂದು ಅಜ್ಜಿ ಕೊಟ್ಟಿದ್ದ ಓಲೆಗಳನ್ನೂ ತೆಗೆದಿದ್ದಳು. ಬಿಳಿ ಸೀರೆಯುಟ್ಟು, ಬರಿ ಕಿವಿಯಲ್ಲಿ ನಮ್ಮ ಮನೆಗೆ ಬಂದು, ಕೂಸಿದ್ದಾಗ ತಲೆಗೆ ನೀರು ಚಿಮುಕಿಸಿದ್ದು ದೀಕ್ಷಾಸ್ನಾನವೇ ಅಲ್ಲ ಎಂದಳು. "ಹಂಗಾರ ನಮ್ಮವ್ವ ಸತ್ತು ನರಕಕ್ಕ ಹೋದಳೇನ?" ಎಂದು ಅವ್ವ ಕೇಳಿದಳು. ಚಿಗವ್ವ ತಲೆ ತಗ್ಗಿಸಿದಳೇ ಹೊರತು ಇಲ್ಲ ಎನ್ನಲಿಲ್ಲ. ಅವ್ವ ಎದ್ದು ನಿಂತು, "ಇನ್ನ ನನ್ನ ಹೊಸ್ತಿಲ ತುಳಿಬ್ಯಾಡ" ಎಂದುಬಿಟ್ಟಳು. ಇಬ್ಬರೂ ಓದುತ್ತಿದ್ದದ್ದು ಒಂದೇ ಪುಸ್ತಕ.

ಮುಂದಿನ ಮೊದಲ ಭಾನುವಾರ ಅವ್ವ ಏಳಲಿಲ್ಲ. ಕಾಣಿಕೆ ಕೊಡಲು ಬಂದವನಿಗೆ ಒಡಹುಟ್ಟಿದವರ ಮುನಿಸು ನೆನಪಾದರೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗಬೇಕೆಂಬ ಮಾತಿದೆಯಲ್ಲ, ಅದು ಅವಳನ್ನು ಹಿಡಿದು ಕೂರಿಸಿತ್ತು. ಆ ವಾರವೇ ನನ್ನನ್ನು ಕರೆದುಕೊಂಡು ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಾಯಿಸಿ ಸಿಂಗಸಂದ್ರಕ್ಕೆ ಹೋದಳು. ಬಾಗಿಲಿಗೆ ಬೀಗ. ಓನರ್ ಹೆಂಗಸು ಮೇಲಿಂದ ಬಗ್ಗಿ, "ಅವ್ರು ಖಾಲಿ ಮಾಡ್ಕೊಂಡು ಹೋದ್ರಮ್ಮ, ಯಾವ್ದೋ ಸೈಟ್ ಕೆಲ್ಸ ಅಂತೆ, ಎಲ್ಲಿ ಅಂತ ಗೊತ್ತಿಲ್ಲ" ಎಂದರು. ಫೋನ್ ನಂಬರೂ ಬದಲಾಗಿತ್ತು. ಅವ್ವ ನಮ್ಮ ನಂಬರು ಕೊಟ್ಟು, ಬಂದರೆ ತಿಳಿಸಿ ಎಂದು ಕೈಮುಗಿದಳು.

ಆಮೇಲಿನ ಕಾಯುವಿಕೆಯನ್ನು ಹೇಗೆ ಹೇಳಲಿ? ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ ಅದು. ಬಸ್ಸು ಕದಲದೆ ನಿಂತಾಗ ಅವ್ವ ಕಿಟಕಿಯಿಂದ ಬಿಳಿ ಸೀರೆಯವರನ್ನೆಲ್ಲ ನೋಡುತ್ತಿದ್ದಳು. ಮೊದಲು ಕಿವಿ, ಆಮೇಲೆ ಮುಖ. ಬೀದರಿನ ಚರ್ಚಿನಲ್ಲಿ ಅಕ್ಕತಂಗಿ ಇಬ್ಬರೂ ಒಂದೇ ದಿನ, ಪಕ್ಕಪಕ್ಕದಲ್ಲಿ ಮೊಣಕಾಲೂರಿ ಮೊದಲ ಸಲ ರೊಟ್ಟಿ ತೆಗೆದುಕೊಂಡದ್ದನ್ನು ಹೇಳಿದ್ದೇ ಹೇಳುತ್ತಿದ್ದಳು. ಅವತ್ತು ಚಿಗವ್ವ ನುಂಗದೆ ಮನೆಯವರೆಗೂ ಬಾಯಲ್ಲೇ ಇಟ್ಟುಕೊಂಡು ಬಂದಿದ್ದಳಂತೆ. ಅಯ್ಯನವರು ಒಂದು ದಿನ ಮನೆಗೇ ಬಂದು, "ನೀವು ಹುಡುಕಿದ್ದೀರಲ್ಲಮ್ಮ, ದೇವರು ಮನಸ್ಸು ನೋಡ್ತಾನೆ. ಬಂದು ತಗೊಳ್ಳಿ" ಎಂದರು. ಅವ್ವ ಚಹಾ ಕೊಟ್ಟು ಕೇಳಿದಳು: "ಹುಡುಕಿದ್ರ ಸಾಕು ಅಂತ ಎಲ್ಲಿ ಬರದದ್ರಿ, ಅಯ್ಯನವರೇ?" ಅವರು ಚಹಾ ಕುಡಿದು ಎದ್ದುಹೋದರು. ನನಗೆ ಆ ಪುಸ್ತಕದ ಮೇಲೆಯೇ ಕೋಪ ಬಂದಿತ್ತು.

ಕೊನೆಗೊಂದು ಶನಿವಾರ ಸಿಂಗಸಂದ್ರದ ಓನರ್ ಫೋನ್ ಮಾಡಿದರು. "ನಿಮ್ಮ ತಂಗಿ ವಾಪಸ್ ಬಂದಿದಾರೆ ಕಣಮ್ಮ, ನಮ್ಮ ಹಿಂದಿನ್ ರೋಡಲ್ಲೇ ಮನೆ ಮಾಡಿದಾರೆ." ಮಾರನೆಯ ದಿನ ಮೊದಲ ಭಾನುವಾರ.

ಅವತ್ತು ಅವ್ವ ಎದ್ದಳು. ಇಡೀ ಸಭೆ ತಿರುಗಿ ನೋಡಿತು. ಅಯ್ಯನವರ ಮುಖ ಅರಳಿತು. ಅಂಗೈ ಮೇಲೆ ಚೂರು ಬಿದ್ದದ್ದೇ ತಡ, ಅವ್ವ ಮುಷ್ಟಿ ಮುಚ್ಚಿ, ತಿರುಗಿ, ಸೀದಾ ಬಾಗಿಲಾಚೆ ನಡೆದಳು. ನಾನು ಅವಳದು, ನನ್ನದು ಎರಡೂ ಸತ್ಯವೇದಗಳನ್ನು ಎತ್ತಿಕೊಂಡು ಹಿಂದೆ ಓಡಿದೆ. ಬಸ್ಸಿನಲ್ಲಿ ಅವ್ವ ಆ ಚೂರನ್ನು ಕರವಸ್ತ್ರದಲ್ಲಿ ಕಟ್ಟಿ ಮಡಿಲಲ್ಲಿ ಇಟ್ಟುಕೊಂಡಳು. ತಂಗಿಗೂ ಇದರಲ್ಲೇ ಪಾಲು ಕೊಡುತ್ತೇನೆ ಎಂದಳು. ಪವಿತ್ರವಾದದ್ದನ್ನು ಹೀಗೆ ಹೊರಗೆ ಒಯ್ಯುವುದು ತಪ್ಪಲ್ಲವೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಚಿಗವ್ವ ಆರಾಧನೆ ಮುಗಿಸಿ ಬರುವವರೆಗೆ ಅವಳ ಮೆಟ್ಟಿಲ ಮೇಲೆ ಕೂತಿದ್ದೆವು. ಬೀದಿ ತಿರುವಿನಲ್ಲಿ ಬಿಳಿ ಸೀರೆ ಕಂಡಿತು. ಹತ್ತಿರ ಬಂದವಳು ನಿಂತುಬಿಟ್ಟಳು. ಎಷ್ಟೊಂದು ಸೊರಗಿದ್ದಳು!

"ಹೊಸ್ತಿಲ ತುಳಿಬ್ಯಾಡ ಅಂದಿದ್ದಿ, ಅಕ್ಕಾ. ಅದಕ್ಕ ಬರಲಿಲ್ಲ."

"ತಪ್ಪಾತು. ನಾನೇ ಬಂದೀನಿ ನೋಡು."

ಇಬ್ಬರೂ ತಬ್ಬಿಕೊಂಡು ಬೀದಿಯಲ್ಲೇ ಅತ್ತರು. ಒಳಗೆ ಕೂತ ಮೇಲೆ ಚಿಗವ್ವ ಹೇಳಿದಳು, ಅವಳೂ ತನ್ನ ಸಭೆಯಲ್ಲಿ ರೊಟ್ಟಿ ಮುಟ್ಟಿರಲಿಲ್ಲ. "ನಿನ್ನ ಜೋಡಿ ಮಾತು ಬಿಟ್ಟು ಹ್ಯಾಂಗ ತಗೊಳ್ಳಲಿ?" ಅವ್ವ ಕರವಸ್ತ್ರ ಬಿಚ್ಚಿದಳು. ಬ್ರೆಡ್ಡು ಒಣಗಿ ಅಂಚು ಉದುರಿತ್ತು. ಚಿಗವ್ವ ಅದನ್ನೇ ನೋಡುತ್ತ ಕೂತಳು.

"ನಮ್ಮ ಸಭೀದ ಬ್ಯಾರೆ ಅದ, ಅಕ್ಕಾ. ನಾ ಇದನ್ನ ತಿನ್ನಂಗಿಲ್ಲ."

ಮತ್ತೆ ಶುರುವಾಯಿತು ಎಂದುಕೊಂಡೆ. ಅವ್ವ ಚೂರನ್ನೂ ಉದುರಿದ ಪುಡಿಯನ್ನೂ ಬಲ ಅಂಗೈಗೆ ಕೂಡಿಸಿಕೊಂಡಳು. "ಬ್ಯಾಡ ಬಿಡು" ಎಂದಳು. "ನೀ ಓದಿದ್ದು ನೀ ಮಾಡು." ಕಣ್ಣು ಮುಚ್ಚಿ, ಪ್ರಾರ್ಥಿಸಿ, ಒಬ್ಬಳೇ ತಿಂದಳು. ಎಷ್ಟೋ ಕಾಲದ ಮೇಲೆ ತಿಂದಳು, ಆದರೆ ಒಬ್ಬಳೇ.

ಆಗ ಚಿಗವ್ವ ಅವ್ವನ ಬಲಗೈ ಹಿಡಿದು, ಪುಡಿ ಅಂಟಿದ್ದ ಆ ಅಂಗೈಯನ್ನು ಮೂಗಿಗೆ ಒತ್ತಿಕೊಂಡಳು. ಒತ್ತಿಕೊಂಡು ಬಿಡಲೇ ಇಲ್ಲ. ತಿನ್ನಬಾರದೆಂದು ಅವಳು ಓದಿದ್ದಳು. ಮೂಸಬಾರದೆಂದು ಎಲ್ಲೂ ಬರೆದಿರಲಿಲ್ಲ.