ಗೂಡು ಬೇಯುವ ಬೀದಿಯ ಮನೆ

ಹೋದ ಭಾನುವಾರ ಚಿಂತಾಮಣಿಯಲ್ಲಿ ಬಾಡಿಗೆಗೆ ಮನೆ ನೋಡಲು ಹೋಗಿದ್ದೆ. ಮುಂದೆ ಮುಂದೆ ನಡೆಯುತ್ತಿದ್ದ ಮನೆಯ ಯಜಮಾನರು ಓಣಿಯ ತಿರುವಿನಲ್ಲಿ ನಿಂತು, ಗಂಡಿನ ಐಬು ಹೇಳಲು ಬಂದವರಂತೆ ತಲೆ ಕೆರೆದುಕೊಂಡರು.

"ಮೇಡಂ, ಮೊದ್ಲೇ ಹೇಳ್ಬಿಡ್ತೀನಿ. ಪಕ್ಕದಲ್ಲೇ ರೇಷ್ಮೆ ನೂಲು ತೆಗೆಯೋ ಶೆಡ್ ಐತೆ. ಸ್ವಲ್ಪ ವಾಸ್ನೆ ಬರ್ತದೆ. ಅದಕ್ಕೇ ಬಾಡಿಗೆ ಕಮ್ಮಿ ಮಾಡಿರೋದು."

ಅವರು ಮಾತು ಮುಗಿಸುವ ಮೊದಲೇ ಅದು ನನ್ನ ಮೂಗಿಗೆ ಬಡಿದಿತ್ತು. ಕುದಿನೀರಿನಲ್ಲಿ ಬೇಯುವ ರೇಷ್ಮೆಗೂಡಿನ ವಾಸನೆ! ಎಷ್ಟು ವರ್ಷವಾಗಿತ್ತು… ಅಲ್ಲೇ ಕುಣಿದುಬಿಡೋಣ ಅನ್ನಿಸಿತು. ಮನೆ ನಮಗೇ ಇರಲಿ ಎಂದೆ. ಒಳಗೆ ನೋಡುವುದಿಲ್ಲವೇ ಎಂದು ಅವರು ಬಾಯಿ ಬಿಟ್ಟರು. "ಮೊದ್ಲು ಬೀದಿ ನೋಡ್ಕೊಂಡು ಬರ್ತೀನಿ," ಎಂದೆ. ಆ ಮಾತು ನನ್ನದಲ್ಲ. ಅದು ಶಿಡ್ಲಘಟ್ಟದ ನಮ್ಮ ಓನರಮ್ಮನದು.

ಗೂಡಿನಿಂದ ನೂಲು ಬಿಚ್ಚಬೇಕಾದರೆ ಮೊದಲು ಅದನ್ನು ಬೇಯಿಸಬೇಕು. ಒಳಗಿನ ಹುಳುವೂ ಬೇಯುತ್ತದೆ. ಹೊಸಬರಿಗೆ ಆ ವಾಸನೆ ಬಡಿದರೆ ಉಂಡಿದ್ದೆಲ್ಲ ಬಾಯಿಗೆ ಬರುತ್ತದೆ. ಶಿಡ್ಲಘಟ್ಟದವರು ಮಾತ್ರ ಅದನ್ನು ವಾಸನೆ ಎಂದು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ನಮ್ಮ ಓನರಮ್ಮ ಒಬ್ಬರನ್ನು ಬಿಟ್ಟು.

ಅಲ್ಲಿನ ಶಾಲೆಯೊಂದರಲ್ಲಿ ನನಗೆ ಕೆಲಸ ಸಿಕ್ಕಿದ ಹೊಸದು. ಬರುವ ಸಂಬಳಕ್ಕೆ ತಕ್ಕಂತೆ ಊರಾಚೆಯ ಹೊಸ ಬಡಾವಣೆಯಲ್ಲಿ ಒಂದು ಮನೆ ಹಿಡಿದಿದ್ದೆವು, ನಾನು ಮತ್ತು ಅಮ್ಮ. ಗಾಳಿ ಬೆಳಕಿಗೇನೂ ಕೊರತೆ ಇರಲಿಲ್ಲ. ಒಂದು ಕಟ್ಟು ಕೊತ್ತಂಬರಿ ಸೊಪ್ಪು ಬೇಕಾದರೆ ಮಾತ್ರ ಆಟೋ ಕರೆಯಬೇಕಿತ್ತು. ಅಮ್ಮನ ಕಣ್ಣು ಆಗಲೇ ಮಂಜಾಗುತ್ತ ಬಂದಿತ್ತು. ಇನ್ನು ಸುಧಾರಿಸುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಬೆಳಿಗ್ಗೆ ಎದ್ದರೆ ಹಾಲು, ಹೂವು, ದೇವಸ್ಥಾನ ಎಂದು ಕಾಲಿಗೆ ಚಕ್ರ ಕಟ್ಟಿಕೊಂಡು ಓಡಾಡಿದವಳು ಇಲ್ಲಿ ಕಿಟಕಿ ಪಕ್ಕದ ಕುರ್ಚಿ ಹಿಡಿದಳು. ಒಂದು ಸಂಜೆ, "ಇಲ್ಲೇ ಇದ್ರೆ ನಡೆಯೋದನ್ನೇ ಮರ್ತುಬಿಡ್ತೀನಿ ಕಣೇ," ಎಂದಳು. ದೂರುವ ಧಾಟಿಯಲ್ಲೇನೂ ಹೇಳಲಿಲ್ಲ. ಆದರೂ ಅಮ್ಮ ಒಬ್ಬಳೇ ಹೋಗಿ ಒಬ್ಬಳೇ ಬರುವಂಥ ಜಾಗದಲ್ಲಿ, ನನ್ನ ಸಂಬಳಕ್ಕೆ ಎಟುಕುವ ಒಂದು ಮನೆ ಬೇಕೇ ಬೇಕು ಎಂದು ಹಟ ತೊಟ್ಟೆ.

ಊರೆಲ್ಲ ಅಲೆದೆ. ಬಾಡಿಗೆ ಸರಿಯಿದ್ದರೆ ಮನೆ ದೂರ, ಮನೆ ಹತ್ತಿರವಿದ್ದರೆ ಬಾಡಿಗೆ ಆಕಾಶದಲ್ಲಿ. ಕೊನೆಗೆ ಶಾಲೆಯಲ್ಲಿ ಜೊತೆಯವರೊಬ್ಬರು ನಗುತ್ತ, "ಪೇಟೆ ಹಿಂದೆ ಒಂದು ಮನೆ ಖಾಲಿ ಇದೆ. ಹೊರಗಿಂದ ಬಂದವರು ಯಾರೂ ನಿಲ್ಲಲ್ಲ. ಮೂಗು ಗಟ್ಟಿ ಇದ್ರೆ ಹೋಗಿ," ಎಂದರು.

ಅಂದೇ ಸಂಜೆ ಅಮ್ಮನ ಕೈ ಹಿಡಿದುಕೊಂಡು ಹೋದೆ. ನಮಗೆ ಮೊದಲು ಸಿಕ್ಕಿದ್ದು ಓನರಮ್ಮನ ಗಂಟಲು, ಆಮೇಲೆ ಓನರಮ್ಮ. ಎತ್ತರದ ಹೆಂಗಸು, ಜಗಲಿಯ ಮೇಲೆ ನಿಂತು ಪಕ್ಕದ ಶೆಡ್ಡಿನವರಿಗೆ ಬೈಯುತ್ತಿದ್ದರು. ಬೈಗುಳ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತಿತ್ತು. ಶೆಡ್ಡಿನವರು ರೇಡಿಯೋ ಕೇಳಿದ ಹಾಗೆ ಕೇಳಿಕೊಂಡು ನೂಲು ತೆಗೆಯುತ್ತಿದ್ದರು. ಮನೆ ನೋಡಬೇಕು ಎಂದೆ.

"ಒಳಗೇನೈತಮ್ಮಾ ನೋಡಾಕೆ, ನಾಕು ಗೋಡೆ. ಮೊದ್ಲು ಬೀದಿ ನೋಡ್ಕೊಂಡು ಬಾ. ಅಂಗಡಿಗೋಗಿ ಮೊಸರು ತಗೊಂಡು, ಗುಡಿಗೋಗಿ ಕುಂಕುಮ ಇಟ್ಕೊಂಡು ಬಾ. ಕಾಲು ನೋಯ್ಲಿಲ್ಲ ಅಂದ್ರೆ ಮಾತಾಡಣ."

ಇದೆಂಥ ಪರೀಕ್ಷೆಯಪ್ಪ ಎಂದುಕೊಂಡೇ ಹೊರಟೆವು. ಓಣಿ ದಾಟಿದರೆ ಮೊಸರಿನಂಗಡಿ. ಅದರೆದುರು ಸೊಪ್ಪು ಮಾರುವವರ ಸಾಲು. ಮುಂದೆ ಔಷಧಿ ಅಂಗಡಿ, ಹೂವಿನವರು, ಅಮ್ಮನವರ ಗುಡಿ. ಗುಡಿಯ ಹಿಂದೆ ಇಣುಕಿದರೆ ನಮ್ಮ ಶಾಲೆಯದೇ ಕಾಂಪೌಂಡು! ನಾನು ಒಂದೊಂದನ್ನೂ ಕೂಗಿ ಕೂಗಿ ಹೇಳುತ್ತಿದ್ದೆ, ಅಮ್ಮನ ಮುಖ ಅರಳುತ್ತಿತ್ತು. ವಾಪಸು ಬರುವಾಗ ಅಮ್ಮ ಇದ್ದಕ್ಕಿದ್ದ ಹಾಗೆ, "ಕೈ ಬಿಡು," ಎಂದಳು.

"ದಾರಿ ಹೇಗಮ್ಮ?"

"ವಾಸನೆ ಬರ್ತಿದೆಯಲ್ಲೇ. ಅದನ್ನೇ ಹಿಡ್ಕೊಂಡು ಹೋಗ್ತೀನಿ."

ಕೋಲು ತಟ್ಟುತ್ತ, ಆಗಾಗ ನಿಂತು ಗಾಳಿ ಮೂಸುತ್ತ ಅಮ್ಮ ನಡೆದಳು. ಉಸಿರು ಬಿಗಿಹಿಡಿದು ಮೊಸರಿನ ಪೊಟ್ಟಣದೊಂದಿಗೆ ನಾನು ಹಿಂದೆ. ಓಣಿಗೆ ಸರಿಯಾಗಿ ತಿರುಗಿ, ವಾಸನೆ ಜೋರಾದ ಕಡೆ ಕಾಲು ನಿಲ್ಲಿಸಿ, ಜಗಲಿಯ ಅಂಚನ್ನು ಕೈಯಿಂದ ಮುಟ್ಟಿದಳು. "ಬಂತಲ್ವಾ?" ಎಂದಳು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಓನರಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡೇ ನೋಡುತ್ತ ನಿಂತಿದ್ದರು.

"ಈ ಹಾಳು ವಾಸ್ನೆಗೆ ಓಡೋಗೋರ್ನ ನೋಡಿದೀನಿ. ಇದನ್ನ ಹುಡ್ಕೊಂಡು ಬಂದೋಳು ನೀನೊಬ್ಬಳೇ ಅಕ್ಕಾ," ಎಂದು ಬೀಗದ ಕೈ ಅಮ್ಮನ ಕೈಗೇ ಇಟ್ಟರು. ಮೊಸರನ್ನು ಮಾತ್ರ ಅವರೇ ಇಟ್ಟುಕೊಂಡರು.

ಒಳ್ಳೆಯ ದಿನ ನೋಡಿ ಹಾಲು ಉಕ್ಕಿಸಿದೆವು. ಅಮ್ಮ ಮತ್ತೆ ತಾನೇ ಹೋಗಿ ಸೊಪ್ಪು ತಂದಳು, ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಿದಳು, ಸಂಜೆ ನಾನು ಬಂದರೆ ಊರ ಸುದ್ದಿಯನ್ನೆಲ್ಲ ಅವಳೇ ಹೇಳಿದಳು. ಆದರೆ ನಾವು ಮೂವರೂ ಒಂದು ವಿಷಯ ಮರೆತಿದ್ದೆವು. ಅಮ್ಮ ಶುಕ್ರವಾರ ಗುಡಿಗೆ ಹೋಗದೆ ಬಿಡುವವಳಲ್ಲ. ಪಕ್ಕದ ಶೆಡ್ಡಿಗೆ ಶುಕ್ರವಾರವೇ ರಜೆ.

ಮೊದಲ ಶುಕ್ರವಾರ ಗುಡಿಯಿಂದ ಹೊರಟ ಅಮ್ಮನಿಗೆ ಗಾಳಿಯಲ್ಲಿ ಏನೂ ಸಿಗಲಿಲ್ಲ. ಓಣಿ ಬಿಟ್ಟು ಮುಂದೆ ಹೋಗಿ, ಬಸ್ಸು ಓಡಾಡುವ ರಸ್ತೆಯ ನಡುವೆ ನಿಂತುಬಿಟ್ಟಿದ್ದಳಂತೆ. ಓನರಮ್ಮ ಬರಿಗಾಲಲ್ಲಿ ಓಡಿ ಕರೆತಂದರು, ದಾರಿಯುದ್ದಕ್ಕೂ ಬೈಯುತ್ತ. ನಾನು ಶಾಲೆಯಿಂದ ಬಂದಾಗ ಅಮ್ಮ ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದಳು. "ಇನ್ನು ಶುಕ್ರವಾರ ಹೋಗಲ್ಲ ಬಿಡು," ಎಂದಳು. ಇವತ್ತು ಶುಕ್ರವಾರ, ನಾಳೆ ಎಲ್ಲ ವಾರವೂ ಹೀಗೇ ಆದೀತು ಎಂದು ನನಗೆ ಭಯವಾಯಿತು.

ಮುಂದಿನ ಶುಕ್ರವಾರ ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದೆ. ಶೆಡ್ಡಿಗೆ ಬೀಗ ಬಿದ್ದಿತ್ತು. ಆದರೂ ಬಾಗಿಲ ಬಳಿ ಅದೇ ವಾಸನೆ! ಜಗಲಿಯ ಕೆಳಗೆ ಮೂರು ಇಟ್ಟಿಗೆ ಹೂಡಿ, ಸೊಟ್ಟಗಾದ ಅಲ್ಯುಮಿನಿಯಂ ಪಾತ್ರೆಯಲ್ಲಿ ಒಂದು ಹಿಡಿ ಕೆಟ್ಟ ಗೂಡು ಹಾಕಿ ಓನರಮ್ಮ ಬೇಯಿಸುತ್ತಿದ್ದರು. ಸೆರಗು ಮೂಗಿನ ಮೇಲೆ, ಸೌಟು ಕೈಯಲ್ಲಿ. "ಥೂ, ಏನ್ ಕರ್ಮಾನಪ್ಪಾ ನಂದು! ಯಾವ ಜನ್ಮದ ಪಾಪಾನೋ ದೇವ್ರೇ!" ಎಂದು ಬೀದಿಗೆಲ್ಲ ಕೇಳುವಂತೆ ಒಂದೇ ಸಮನೆ ಗೊಣಗಾಟ. ದಿನಾ ಬೈಯುವ ಶೆಡ್ಡಿನವರನ್ನೇ ಕೇಳಿ ಗೂಡು ತಂದಿದ್ದರು. ಅತ್ತ ಓಣಿಯ ತುದಿಯಲ್ಲಿ ಹಣೆತುಂಬ ಕುಂಕುಮ ಇಟ್ಟುಕೊಂಡು ಅಮ್ಮ ಕೋಲು ತಟ್ಟುತ್ತ ಬರುತ್ತಿದ್ದಳು. ಅವಳನ್ನು ಹೊರಡಿಸಿದವರೂ ಓನರಮ್ಮನೇ.

"ನಿಮಗ್ಯಾಕೆ ಇಷ್ಟು ಕಷ್ಟ ಓನರಮ್ಮ?" ಎಂದೆ.

"ಸುಮ್ನಿರಮ್ಮಾ ಮೇಷ್ಟ್ರಮ್ಮ. ಬಾಡಿಗೆ ಈಸ್ಕೊಂತಿಲ್ವಾ ನಾನು? ವಾಸ್ನೇನೂ ಅದ್ರಾಗೇ ಸೇರೈತೆ."

ಆಮೇಲೆ ಒಂದು ಶುಕ್ರವಾರವೂ ಅವರು ತಪ್ಪಿಸಲಿಲ್ಲ. ಹುಷಾರಿಲ್ಲದಾಗಲೂ ಜಗಲಿಗೆ ಒರಗಿ ಕೂತು…

ಓನರಮ್ಮ ಹೋಗಿ ಈಗ ಕೆಲವು ವರ್ಷವಾಯಿತು. ಆ ಜಾಗದಲ್ಲಿ ಅಂಗಡಿ ಎದ್ದಿತು. ನಾವು ಮತ್ತೊಂದು ದೂರದ ಮನೆ ಸೇರಿದೆವು, ಅಮ್ಮ ಮತ್ತೆ ಕುರ್ಚಿ ಸೇರಿದಳು. ಈಗ ನನ್ನ ಕೆಲಸ ಚಿಂತಾಮಣಿಗೆ ಬಂದಿದೆ. ಅಮ್ಮನಿಗೆ ಈಗ ಬೆಳಕು ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ಆ ಭಾನುವಾರ ಬೀದಿ ಪೂರ್ತಿ ನಡೆದು ನೋಡಿ, ಮುಂಗಡ ಕೊಟ್ಟು, ಓಡೋಡಿ ಮನೆಗೆ ಬಂದೆ. ಬಾಗಿಲಲ್ಲೇ, "ಅಮ್ಮಾ, ಮನೆ ಸಿಕ್ತು! ಪಕ್ಕದಲ್ಲೇ ಗೂಡು ಬೇಯ್ಸೋ ಶೆಡ್ಡು!" ಎಂದು ಕೂಗಿದೆ. ಅಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು. ಈಗಲೇ ಹೊರಡುವವಳಂತೆ ಕಾಲಿನಿಂದ ಚಪ್ಪಲಿ ಹುಡುಕಿದಳು.

"ಮೊಸರಂಗಡಿ?"

"ತಿರುವಿನಲ್ಲೇ."

"ಗುಡಿ?"

"ಅದರ ಪಕ್ಕಾನೇ ಅಮ್ಮ."

"ಅಲ್ಲೂ ಶುಕ್ರವಾರ ರಜೆನಾ?"

ಹೌದೆಂದೆ. ಅದನ್ನೂ ಯೋಚಿಸಿಯೇ ಬಂದಿದ್ದೆ. "ಒಂದು ಹಿಡಿ ಗೂಡು ತಂದು ನಾನೇ ಬೇಯಿಸ್ತೀನಿ," ಎಂದೆ.

ಅಮ್ಮ ನಕ್ಕಳು. "ಆ ಒಂದು ಹಿಡಿ ಗೂಡಿನ ವಾಸನೆ ಓಣಿ ತನಕ ಎಲ್ಲಿ ಬರ್ತಿತ್ತೇ? ನಾನು ಅವರ ಬೈಗುಳ ಕೇಳ್ಕೊಂಡು ಬರ್ತಿದ್ದೆ."

ಓನರಮ್ಮ ಹೋದ ದಿನ ಬಾರದ ಅಳು ನನಗೆ ಆಗ ಬಂತು. ಅಮ್ಮ ಗಾಳಿಯಲ್ಲಿ ನನ್ನ ಕೈಗಾಗಿ ತಡಕಾಡಿದಳು.

"ನಿನಗೆ ಬೈಯೋಕೆ ಬರಲ್ಲ. ಶುಕ್ರವಾರ ಒಂದಿನ ಕೈ ಹಿಡ್ಕೊಂಡು ಬಾ, ಸಾಕು."